ಸದ್ದಿಲ್ಲದ ರಾಟೆ

ಮಾರ್ಚ್ ೪, ಬುಧವಾರ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕ್ಷಮಿಸಬೇಕು. ಕಾಗುಣಿತವೂ ಅಲ್ಲಲ್ಲಿ ತಪ್ಪುತ್ತದೆ. ಓದಿದ್ದು ನಾಲ್ಕನೇ ತರಗತಿ, ಅದೂ ಹಿಂದಿನ ಬೆಂಚಿನಲ್ಲಿ ಕೂತು. ಇದನ್ನು ಯಾರೂ ಓದುವುದಿಲ್ಲ ಅಂತ ಗೊತ್ತು, ಆದರೂ ಕ್ಷಮೆ ಕೇಳದೆ ಶುರು ಮಾಡಲು ಮನಸ್ಸು ಬರಲಿಲ್ಲ. ಬಣ್ಣದ ಅಂಗಡಿಯವರು ಕೊಟ್ಟ ಡೈರಿಯನ್ನು ಸೋದರಮಾವ ನನ್ನ ಮುಂದೆ ಹಾಕಿ, "ಬಾಯಿಬಿಟ್ಟು ಹೇಳೋಕಾಗಲ್ಲ ಅಂದ್ರೆ ಬರೆದಾದ್ರೂ ಹಾಕು, ಇಲಿ. ಒಳಗೇ ಇಟ್ಕೊಂಡ್ರೆ ಹುಳ ಹಿಡಿಯುತ್ತೆ" ಅಂದರು. ಮರಕ್ಕೆ ಹೇಳುವ ಮಾತನ್ನೇ ನನಗೂ ಹೇಳುತ್ತಾರೆ.

ಇಲಿ ಅಂದರೆ ನಾನು. ಮೂಲೆಯಲ್ಲಿ ಕೂತು ಏನನ್ನಾದರೂ ಕೆರೆಯುತ್ತಿರುತ್ತೇನೆ, ಮಾತು ಕಡಿಮೆ, ಅದಕ್ಕೆ ಆ ಹೆಸರು.

ಮಾವನ ಕೆಲಸ ಹಳೆಯ ನೂಲುವ ರಾಟೆಗಳ ರಿಪೇರಿ. ಅಟ್ಟದಲ್ಲಿ, ಮೆಟ್ಟಿಲ ಕೆಳಗೆ, ಕೋಳಿಗೂಡಿನ ಹಿಂದೆ ಬಿದ್ದಿದ್ದ ರಾಟೆಗಳನ್ನು ಜನ ಹೊತ್ತು ತರುತ್ತಾರೆ. ಕಾಲು ಮುರಿದದ್ದು, ಚಕ್ರ ಸೊಟ್ಟಗಾದದ್ದು, ಹುಳ ತಿಂದು ಜರಡಿಯಾದದ್ದು. ನಾನು ಹತ್ತು ವರ್ಷದವಳಿದ್ದಾಗಿನಿಂದ ಅವರ ಜೊತೆ ಇದ್ದೇನೆ. ಕೆಲಸದ ಕೋಣೆಗೂ ಅಜ್ಜಿಯ ಕೋಣೆಗೂ ನಡುವೆ ಒಂದು ಹಲಗೆಯ ಗೋಡೆ, ಅದಕ್ಕೊಂದು ಯಾವಾಗಲೂ ತೆರೆದಿರುವ ಬಾಗಿಲು. ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ. ಬೆರಳಿನ ಗಂಟುಗಳು ಶುಂಠಿಯಂತೆ ಊದಿವೆ. ಒಂದು ಕಾಲದಲ್ಲಿ ಅವಳ ನೂಲು ಅಂದರೆ ನೇಯುವವರು ಬಾಗಿಲಲ್ಲಿ ಕಾಯುತ್ತಿದ್ದರಂತೆ. ಈಗ ಕಿವಿ ಒಂದು ಉಳಿದಿದೆ, ಆ ಕಿವಿ ನಮ್ಮೆಲ್ಲರ ಕಣ್ಣಿಗಿಂತ ಚುರುಕು.

ಅವಳ ಸ್ವಂತ ರಾಟೆ ಅಚ್ಚು ಮುರಿದು ಸೂರಿಗೆ ನೇತುಬಿದ್ದಿದೆ. ಇವತ್ತು ಊಟದ ಹೊತ್ತಿಗೆ ಅಜ್ಜಿ ಮಾವನಿಗೆ ಹೇಳಿದಳು: "ನನ್ನ ರಾಟೆ ಕೆಳಗಿಳಿಸೋ. ಅದು ಓಡೋದನ್ನ ಒಂದ್ಸಲ ಕೇಳ್ಬೇಕು ನಾನು. ರಿಪೇರಿ ಆದ ದಿನ ಯಾರ ಕೈಲಿ ಸಲೀಸಾಗಿ ಓಡುತ್ತೋ, ಅದು ಅವರದ್ದು."

ಮಾವ ನೂಲುವುದಿಲ್ಲ. ಅತ್ತೆಗೆ ಉಣ್ಣೆ ಕಂಡರೆ ಸೀನು ಬರುತ್ತದೆ. ಮನೆಯಲ್ಲಿ ಇನ್ಯಾರಿದ್ದಾರೆ? ಏಣಿ ಹತ್ತಿ ರಾಟೆ ಇಳಿಸಿದ್ದು ನಾನೇ. ಸರಿ ಮಾಡುವವಳೂ ನಾನೇ. ಧೂಳು ಒರೆಸುವಾಗ ನನ್ನದನ್ನೇ ಒರೆಸಿಕೊಂಡ ಹಾಗಿತ್ತು.

ಮಾರ್ಚ್ ೭, ಶನಿವಾರ

ಬೀದಿಯ ಕೊನೆಯ ಬೇಕರಿಯವಳು ಬಂದಿದ್ದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಏಪ್ರನ್ ತುಂಬ ಹಿಟ್ಟು. ತೀರಿಕೊಂಡ ತನ್ನ ಅತ್ತೆಯ ರಾಟೆಯನ್ನು ಮಗುವಿನ ಹಾಗೆ ಸೊಂಟದಲ್ಲಿಟ್ಟುಕೊಂಡು ತಂದಿದ್ದಳು.

"ಬದುಕಿದ್ದಾಗ ಮುಟ್ಟೋಕೆ ಬಿಡಲಿಲ್ಲ ನಮ್ಮತ್ತೆ. ಈಗ ಏನ್ಮಾಡ್ತಾರೆ, ನೋಡೇಬಿಡ್ತೀನಿ. ಕಲಿಸ್ತೀರಾ?" ಅಂದಳು.

ಅವಳ ರಾಟೆ ಸರಿಯಾಗುವವರೆಗೆ ಅಂತ ಮಾವ ಅಂಗಡಿಯ ಒಂದು ರಾಟೆ ಕೊಟ್ಟು ಕೂರಿಸಿದರು. ಕಾಲಿನಿಂದ ಹಲಗೆ ತುಳಿಯುವುದು, ಕೈಯಿಂದ ಉಣ್ಣೆ ಬಿಡುವುದು. ಎರಡೂ ಒಟ್ಟಿಗೆ ಬರಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿದಿತ್ತು. ಅವಳು ಹರಟುತ್ತ, ನಗುತ್ತ, ಊಟಕ್ಕೆ ಕರೆಯುವ ಮೊದಲೇ ಎಳೆ ತೆಗೆದಳು.

ಒಳಗಿನಿಂದ ಅಜ್ಜಿ, "ಯಾರದು ಕೂತಿರೋದು?" ಅಂದಳು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಅಂಗೈ ಸವರಿ ನೋಡಿದಳು. "ಹಿಟ್ಟು ನಾದಿದ ಕೈ. ಎಲ್ಲಿ ಹಿಡೀಬೇಕು, ಎಲ್ಲಿ ಬಿಡ್ಬೇಕು ಅಂತ ಈ ಕೈಗೇ ಗೊತ್ತು ಕಣಮ್ಮ."

ನನ್ನ ಅಂಗೈಯನ್ನು ಅಜ್ಜಿ ಯಾವತ್ತೂ ಹಾಗೆ ಸವರಿಲ್ಲ. ನನ್ನ ಮುಖ ಕೆಂಪಾದದ್ದು ಕಂಡು ಅತ್ತೆ ಜ್ವರವಾ ಅಂತ ಹಣೆ ಮುಟ್ಟಿ ನೋಡಿದರು.

ಮಾರ್ಚ್ ೧೧, ಬುಧವಾರ

ಇವತ್ತೂ ಬಂದಳು. ಬನ್ನು ತಂದಿದ್ದಳು. ಮುಟ್ಟಬಾರದು ಅಂದುಕೊಂಡೆ. ಎರಡು ತಿಂದೆ.

ಮಾರ್ಚ್ ೧೪, ಶನಿವಾರ

ಅಜ್ಜಿ ಈಗ ಬೆಳಗಿನಿಂದಲೇ "ಬೇಕರಿಯವಳು ಬಂದ್ಲಾ?" ಅಂತ ಕೇಳಲು ಶುರು ಮಾಡುತ್ತಾಳೆ. ನಾನು ಬಂದೆನಾ ಅಂತ ಕೇಳುವುದಿಲ್ಲ. ನಾನು ಇಲ್ಲೇ ಇರುತ್ತೇನಲ್ಲ.

ನನಗೆ ಒಂದು ಉಪಾಯ ಹೊಳೆದಿದೆ. ರಾಟೆ ಸರಿಯಾದ ದಿನವಲ್ಲವೇ ಅದು ಯಾರದ್ದು ಅಂತ ತೀರ್ಮಾನ? ಸರಿಯಾಗದಿದ್ದರೆ ಯಾರದ್ದೂ ಅಲ್ಲ. ಬೇಕರಿಯವಳಿಗೆ ಎಷ್ಟು ದಿನ ಈ ಹುಚ್ಚು ಇರುತ್ತದೆ? ಇನ್ನೊಂದು ತಿಂಗಳಲ್ಲಿ ಹುರುಪು ಆರಿಹೋದರೆ ಆಯಿತು.

ಹೊಸ ಅಚ್ಚು ಕೂರಿಸಿ ಆಗಿತ್ತು. ಮಾವ, "ಇನ್ನೇನು ಬಾಕಿ?" ಅಂದರು.

"ಕಿವಿ ಸವೆದಿದೆ ಮಾವ" ಅಂದೆ. ನೂಲಿಗೆ ಹುರಿ ಕೊಡುವ ಕದಿರು ಕೂರುವ ಚರ್ಮದ ತುಂಡಿಗೆ ನಾವು ಕಿವಿ ಅನ್ನುತ್ತೇವೆ. ಬಾಯಿಗೆ ಬಂದ ಸುಳ್ಳು ಹೇಳಿದ್ದೆ. ಮಾವ ಕದಿರು ಎತ್ತಿ, ದೀಪಕ್ಕೆ ಹಿಡಿದು, "ನಿಜ, ಸವೆದಿದೆ. ನಾನು ನೋಡೇ ಇರಲಿಲ್ಲ. ಬದಲಾಯಿಸು" ಅಂದರು.

ಸುಳ್ಳು ಹೇಳುವುದರಲ್ಲೂ ನಾನು ಗೆಲ್ಲುವುದಿಲ್ಲ.

ಮಾರ್ಚ್ ೧೯, ಗುರುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೇಕರಿಯವಳು ಹೋದ ಮೇಲೆ ನೂಲೋಣ ಅಂತ ಕಾದಿದ್ದೆ. ಅವಳು ಹೋಗಲೇ ಇಲ್ಲ. ಕೊನೆಗೆ ಅಂಗಡಿಯ ಇನ್ನೊಂದು ರಾಟೆಯ ಮುಂದೆ, ಅವಳ ಎದುರೇ ಕೂತೆ. ಯಾರಾದರೂ ನೋಡಿದರೆ ನನ್ನ ಬೆರಳು ಮರಗಟ್ಟುತ್ತದೆ. ಒಂದು ಕಡೆ ಕೂದಲೆಳೆ, ಒಂದು ಕಡೆ ಹೆಬ್ಬೆರಳಿನಷ್ಟು ಗಂಟು. ಅವಳು ನನ್ನ ನೂಲು ಸುತ್ತಿದ ಬಾಬಿನ್ ಎತ್ತಿ ನೋಡಿ, "ಏನೇ ಇಲಿಯಮ್ಮ ಇದು, ಹಾವು ನಿನ್ನ ನೆಂಟರನ್ನೆಲ್ಲ ಸಾಲಾಗಿ ನುಂಗಿಬಿಟ್ಟಿದೆಯಲ್ಲೇ" ಅಂದಳು.

ಮಾವ ನಕ್ಕರು. ಅತ್ತೆ ನಕ್ಕರು. ಹಲಗೆಯ ಆಚೆಯಿಂದ ಅಜ್ಜಿಯೂ ನಕ್ಕಿದ್ದು ಕೇಳಿಸಿತು.

"ಹುರಿ ಬಿಗಿ ಇದೆ, ಅದಕ್ಕೇ" ಅಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಅಂದರು ಮಾವ.

ಅಂಟು ಕಾಯಿಸುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅಂಟು ತಳ ಹಿಡಿಯಿತು. ಕೆಟ್ಟ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ಓಡಿ ಬಂದರು, ಸದ್ಯ ನನ್ನ ಮುಖ ಯಾರೂ ನೋಡಲಿಲ್ಲ.

ಆಮೇಲೆ ಹೋಗಿ ಚಕ್ರದಿಂದ ಕದಿರಿಗೆ ಸುತ್ತಿದ ಹುರಿ ನೋಡಿದೆ. ನಿಜವಾಗಿಯೂ ಬಿಗಿ ಇತ್ತು. ಮಾವನ ಗಾದೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ನೆಲ ಡೊಂಕಿರುವುದೂ ಉಂಟು. ಅದನ್ನು ತಿದ್ದುವುದೇ ನನ್ನ ಕೆಲಸ. ಸಡಿಲ ಮಾಡಿಟ್ಟೆ.

ಮಾರ್ಚ್ ೨೬, ಗುರುವಾರ

ಬೇಕರಿಯವಳ ಅತ್ತೆಯ ರಾಟೆ ಮುಗಿಸಿದೆ. ಅವಳದ್ದನ್ನು ಬೇಗ ಮುಗಿಸಿದರೆ ಮನೆಗೆ ಎತ್ತಿಕೊಂಡು ಹೋಗಿ ಅಲ್ಲೇ ನೂಲುತ್ತಾಳೆ, ಇತ್ತ ಬರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಅದಕ್ಕೇ ಮುತುವರ್ಜಿಯಿಂದ ಮಾಡಿದೆ. ಕಿವಿಗೆ ಹಳೆಯ ಬೂಟಿನ ಚರ್ಮ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಹಾಕಿದೆ. ತುಳಿಯುವ ಹಲಗೆಯನ್ನು ಚಕ್ರಕ್ಕೆ ಜೋಡಿಸುವ ಬಾರನ್ನು ಅವಳ ಉದ್ದ ಕಾಲಿಗೆ ತಕ್ಕಂತೆ ಇಳಿಸಿ ಕಟ್ಟಿದೆ. ಸೊಟ್ಟಗಿದ್ದ ಚಕ್ರವನ್ನು ಒದ್ದೆ ಬಟ್ಟೆ ಸುತ್ತಿ, ಕಲ್ಲು ಹೇರಿ ನೇರ ಮಾಡಿದೆ.

ಅವಳು ಕೂತಳು. ಚಕ್ರ ತಿರುಗಿತು. ಉಸಿರಾಡಿದಷ್ಟೂ ಸದ್ದಿಲ್ಲ.

ಒಳಗೆ ಅಜ್ಜಿ ಎದ್ದು ಕೂತಳು. "ನೂಲ್ತಿದೀಯಾ? ನಿಲ್ಲಿಸಿದೆಯಾ?"

"ನೂಲ್ತಾನೇ ಇದೀನಿ ಅಜ್ಜಿ."

"ಸದ್ದೇ ಇಲ್ಲವಲ್ಲೇ. ನನ್ನ ಕಾಲದಲ್ಲೂ ಹೀಗೊಂದು ಕೇಳಿರಲಿಲ್ಲ ನಾನು."

ನೋಡಿ, ಹೊಗಳಿಕೆಗೆ ಮಿತಿ ಬೇಡವೇ? ಬಂದು ತಿಂಗಳಾಗಿಲ್ಲ, ಅಜ್ಜಿಯ ಕಾಲವನ್ನೇ ಮೀರಿಸಿಬಿಟ್ಟಳಂತೆ. ಅಜ್ಜಿ ಆಮೇಲೆ, "ಕಿವಿ ಯಾರು ಕೂರಿಸಿದ್ದು?" ಅಂತ ಕೇಳಿದಳು. ಮಾವ, "ಇಲಿ" ಅಂದರು. ಅಜ್ಜಿ "ಹ್ಞೂಂ" ಅಂದಳು. ನನಗೆ ಒಂದು ಹ್ಞೂಂ, ಅವಳಿಗೆ ಒಂದು ಪುರಾಣ.

ರಾಟೆಯನ್ನು ಮನೆಗೆ ಒಯ್ಯುವುದಿಲ್ಲವಂತೆ. "ಅಲ್ಲಿ ಹಿಟ್ಟು, ಹೊಗೆ. ಇಲ್ಲೇ ಇರ್ಲಿ, ನಿಮ್ಮೆಲ್ಲರ ಜೊತೆ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ" ಅಂದಳು. ನನ್ನ ಲೆಕ್ಕ ಮಣ್ಣುಪಾಲು.

ಏಪ್ರಿಲ್ ೨, ಗುರುವಾರ

ಅಜ್ಜಿಯ ರಾಟೆಯಲ್ಲಿ ಹುಡುಕಿದಷ್ಟೂ ಕೆಲಸ ಸಿಗುತ್ತಿದೆ. ಮೊದಲು ನೆಪಕ್ಕೆ ಹುಡುಕುತ್ತಿದ್ದೆ. ಈಗ ಕಣ್ಣಿಗೆ ತಾನಾಗಿ ಬೀಳುತ್ತದೆ. ಚಕ್ರದ ಒಂದು ಕಡ್ಡಿ ಉಳಿದವಕ್ಕಿಂತ ಬೇರೆ ಮರದ್ದು. ಯಾರೋ ಹಿಂದೆ ಅವಸರದಲ್ಲಿ ಹಾಕಿದ್ದಾರೆ, ಅದಕ್ಕೇ ಆ ಕಡೆ ಭಾರವಾಗಿ ಚಕ್ರ ಪ್ರತಿ ಸುತ್ತಿಗೂ ಅಲ್ಲೇ ನಿಲ್ಲಲು ನೋಡುತ್ತದೆ. ಹಳೇ ಮೇಜಿನ ಕಾಲಿನಿಂದ ಸರಿಯಾದ ಮರ ಸಿಕ್ಕಿತು. ಕಡೆದೆ. ಎರಡು ಸಲ ಹಾಳಾಯಿತು, ಮೂರನೆಯದು ಕೂತಿತು. ಕೂತಾಗ "ಟಕ್" ಅಂತ ಬಂತಲ್ಲ, ಆ ಸದ್ದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಬಾಗಿಲ ಚಿಲಕ ಒಳಗಿನಿಂದ ಬಿದ್ದ ಹಾಗೆ.

ದಿನಾ ಬೆಳಿಗ್ಗೆ ಯಾರೂ ಏಳುವ ಮೊದಲು ಅದರ ಮುಂದೆ ಕೂತು ಸುಮ್ಮನೆ ತುಳಿದು ನೋಡುತ್ತೇನೆ. ಎಲ್ಲಿ ತಡೆಯಿತು, ಎಲ್ಲಿ ಜಾರಿತು ಅಂತ. ಆಮೇಲೆ ಬಾರು ಒಂದು ಬೆರಳು ಮೇಲೆ, ಅರ್ಧ ಬೆರಳು ಕೆಳಗೆ. ನೂಲುವುದು ಮರೆತೇಹೋಗುತ್ತದೆ.

ಮಧ್ಯಾಹ್ನ ಬೇಕರಿಯವಳು ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಇಷ್ಟು ಸಣ್ಣ ಕಡ್ಡಿಗೆ ಇಷ್ಟು ಮುದ್ದಾ? ನನ್ನ ಗಂಡಂಗೆ ಸ್ವಲ್ಪ ಹೇಳಿಕೊಡೇ" ಅಂದಳು. ನನಗೆ ನಗು ಬಂತು. ತಡೆದುಕೊಂಡೆ.

ಏಪ್ರಿಲ್ ೮, ಬುಧವಾರ

ಬೇಕರಿಯವಳು ಭಾನುವಾರದಿಂದ ಬಂದಿಲ್ಲ. ಮೊದಲ ದಿನ ಹಾಯೆನಿಸಿತು. ಹುರುಪು ಆರಿತು ನೋಡು ಅಂದುಕೊಂಡೆ. ಇವತ್ತು ಒಂದು ತೊಂದರೆ ಗೊತ್ತಾಯಿತು. ಅಜ್ಜಿಯ ರಾಟೆಗೆ ಉಣ್ಣೆ ಕಟ್ಟಿ ನೋಡಿದೆ. ಎಳೆ ಕಡಿಯಿತು. ಕಡಿದದ್ದು ರಾಟೆಯ ತಪ್ಪಿಗೋ, ನನ್ನ ಕೈಯ ತಪ್ಪಿಗೋ? ಹೇಗೆ ತಿಳಿಯುವುದು? ಒಳ್ಳೆಯ ಕೈ ಒಂದು ಬೇಕು, ಆಗ ರಾಟೆಯ ಮಾತು ಮಾತ್ರ ಕೇಳಿಸುತ್ತದೆ. ಒಳ್ಳೆಯ ಕೈ ಇರುವುದು ಅವಳಿಗೆ. ಕರ್ಮ.

ಬ್ರೆಡ್ಡು ತರುವ ನೆಪ ಮಾಡಿ ಬೇಕರಿಗೆ ಹೋದೆ. ಅವಳ ಬಲಗೈ ಪೂರ್ತಿ ಬಟ್ಟೆ ಸುತ್ತಿತ್ತು. ಒಲೆಯ ತಟ್ಟೆ ಜಾರಿ ಅಂಗೈ ಸುಟ್ಟಿದೆಯಂತೆ. ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. "ಬಂದೆಯಾ ಇಲಿಯಮ್ಮ? ನನ್ನ ನೋಡೋಕಾ, ಬ್ರೆಡ್ಡಿಗಾ?"

"ಬ್ರೆಡ್ಡಿಗೆ" ಅಂದೆ.

"ಸುಳ್ಳಾದ್ರೂ ಹೇಳೇ ಮಾರಾಯ್ತಿ" ಅಂತ ನಕ್ಕಳು. ನಗುವಾಗ ಕೈ ನೋವಾಗಿ ಮುಖ ಕಿವುಚಿತು.

ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ದಾರಿಯಲ್ಲಿ ನನಗೆ ಸಂತೋಷವಾಯಿತು. ಈಗ ರಾಟೆ ಮುಗಿಯಿತು ಅಂದರೆ ಸಾಕು, ಅದು ನನ್ನದು. ಎದುರಾಳಿಯೇ ಇಲ್ಲ. ಆದರೆ ಮನೆ ಬರುವಷ್ಟರಲ್ಲಿ ಆ ಸಂತೋಷ ಒಳಗೆ ಬೇಯದ ಬ್ರೆಡ್ಡಿನ ಹಾಗೆ ಗಂಟಲಿಗೆ ಅಂಟಿಕೊಂಡಿತ್ತು.

ಏಪ್ರಿಲ್ ೯, ಗುರುವಾರ

ಅಜ್ಜಿ ಕೇಳಿದಳು. "ಇಲಿ, ನನ್ನ ರಾಟೆ ಮುಗೀತೇನೇ? ನಾನಿರೋವಾಗ್ಲೇ ಆಗುತ್ತೋ ಇಲ್ವೋ?"

"ಹುರಿ ಹಾಕ್ಬೇಕು ಅಜ್ಜಿ" ಅಂದೆ.

ಹುರಿ ಹಾಕಿಯೇ ಇತ್ತು. ಬಂದು ಬಿಚ್ಚಿಟ್ಟೆ. ಒಂದು ಕೈ ಸುಟ್ಟವಳ ಎದುರು ಗೆದ್ದರೆ ಅದೂ ಒಂದು ಗೆಲುವಾ? ನಾಳೆ ಅವಳೇ ಆಡಿಕೊಂಡು ನಗುತ್ತಾಳೆ. ಅವಳಿಗೆ ಆ ಅವಕಾಶ ಯಾಕೆ ಕೊಡಲಿ? ಎರಡೂ ಕೈಯಲ್ಲಿ ಬರಲಿ, ಆಗ ಸೋಲಿಸುತ್ತೇನೆ.

ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ನಮ್ಮಲ್ಲಿ ಇದೆ, ಅಂಟು ಕಾಯಿಸುವವರಿಗೆ ಬೇಕಾಗುತ್ತದೆ. ಡಬ್ಬಿಯನ್ನು ಅತ್ತೆಯ ಕೈಯಲ್ಲಿ ಕಳಿಸಿದೆ. ನಾನು ಕೊಟ್ಟೆ ಅಂತ ಹೇಳಬೇಡಿ ಅಂದೆ. ಬೇಗ ಗುಣವಾದರೆ ಬೇಗ ಮುಗಿಯುತ್ತದಲ್ಲ ಈ ಪೀಡೆ.

ಏಪ್ರಿಲ್ ೧೮, ಶನಿವಾರ

ಮುಗಿಯಿತು.

ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಕೆಲಸದ ಕೋಣೆಗೆ ತಂದೆವು. ಬೇಕರಿ ಅಕ್ಕ ಬಂದಿದ್ದಳು, ಅಂಗೈಯ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಮೊದಲು ರಾಟೆಯನ್ನು ಇಡೀ ಸವರಿದಳು. ಹೊಸ ಕಡ್ಡಿ ಎಲ್ಲಿದೆ ಅಂತ ಅವಳ ಬೆರಳಿಗೂ ಸಿಗಲಿಲ್ಲ. "ಕೂರೇ ಇಲಿ" ಅಂದಳು.

ಕೂತೆ. ನೂಲು ಎಂದಿನ ಹಾಗೆ ಗಂಟುಗಂಟು, ಆದರೆ ಕಡಿಯಲಿಲ್ಲ. ಚಕ್ರ ನನ್ನ ಕಾಲಿನ ಕೆಳಗೆ ತಾನಾಗಿಯೇ ಓಡಿತು. ಸದ್ದು ಇರಲಿಲ್ಲ.

ಆಮೇಲೆ ಅಕ್ಕ ಕೂತಳು. ನಾನು ನೆಲ ನೋಡುತ್ತ ನಿಂತೆ. ಅವಳು ತುಳಿದಳು. ಚಕ್ರ ಅರ್ಧ ಸುತ್ತು ಬಂದು ಹಿಂದಕ್ಕೆ ತಿರುಗಿತು. ಮತ್ತೆ ತುಳಿದಳು. ಜಗ್ಗಿತು, ಎಳೆ ಕಡಿಯಿತು. ಮೊಣಕಾಲು ಹೋಗಿ ಮೇಲಿನ ಹಲಗೆಗೆ ಬಡಿಯಿತು. ಇನ್ನೊಮ್ಮೆ ಕಟ್ಟಿದಳು, ಇನ್ನೊಮ್ಮೆ ಕಡಿಯಿತು.

"ಇದು ನನ್ನ ಮಾತೇ ಕೇಳಲ್ಲ ಕಣೇ" ಅಂದಳು. ಅವಳ ದನಿಯಲ್ಲಿ ನಗು ಇಲ್ಲದ್ದನ್ನು ಮೊದಲ ಸಲ ಕೇಳಿದೆ.

ಅಜ್ಜಿ ತಲೆ ಓರೆ ಮಾಡಿ ಕೇಳುತ್ತಿದ್ದವಳು, "ಇಲಿ, ಬಾರನ್ನ ನಿನ್ನ ಕಾಲಿಗೆ ಕಟ್ಟಿದೀಯ" ಅಂದಳು.

ದಿನಾ ಬೆಳಿಗ್ಗೆ ಕೂತು, ಬೆರಳು ಮೇಲೆ, ಬೆರಳು ಕೆಳಗೆ ಅಂತ ಕಟ್ಟುತ್ತಿದ್ದದ್ದು ನನ್ನ ಗಿಡ್ಡ ಕಾಲಿನ ಅಳತೆಗೆ. ರಾಟೆಗೆ ಸರಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಬೇಕಂತ ಮಾಡಲಿಲ್ಲ ಅಂತ ಹೇಳಬೇಕು ಅನ್ನಿಸಿತು. ಆದರೆ ಬೇಕಂತ ಮಾಡುವಷ್ಟು ಕಿಚ್ಚು ಹೊಟ್ಟೆಯಲ್ಲಿ ಇತ್ತಲ್ಲ, ಯಾರು ನಂಬುತ್ತಾರೆ?

"ಬಾರು ತಾನೇ, ಇಳಿಸಿದ್ರಾಯ್ತು. ಇನ್ನೊಂದ್ಸಲ ನೋಡೋಣ" ಅಂದರು ಮಾವ.

"ಆಡಿದ ಮಾತು ಆಡಿದ್ದೇ" ಅಂದಳು ಅಜ್ಜಿ. "ಇವತ್ತು ಯಾರ ಕೈಲಿ ಓಡ್ತೋ ಅವರದ್ದು. ರಾಟೆ ಇಲಿದು."

ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು, "ಸರಿಯಾಗೇ ಆಯ್ತು ಬಿಡಿ ಅಜ್ಜಿ. ದುಡಿದವಳು ಅವಳು" ಅಂದು ನನ್ನ ಬೆನ್ನು ತಟ್ಟಿದಳು. ಟೀ ಕುಡಿಯದೆ ಹೋದಳು.

ನಾನು ಗೆದ್ದೆ.

ಏಪ್ರಿಲ್ ೨೦, ಸೋಮವಾರ

ರಾಟೆ ನನ್ನದು. ನೂಲಿದೆ. ಗಂಟು. ಅಜ್ಜಿ ಒಳಗಿನಿಂದ ಏನೂ ಅನ್ನಲಿಲ್ಲ. ಅಕ್ಕ ಬರಲಿಲ್ಲ.

ಏಪ್ರಿಲ್ ೨೩, ಗುರುವಾರ

ಒಬ್ಬರು ಗೋಣಿಚೀಲದಲ್ಲಿ ಒಂದು ರಾಟೆ ತಂದು ಸುರಿದರು. ಅಟ್ಟ ಕುಸಿದು ಅದರ ಮೇಲೆ ಬಿದ್ದಿತ್ತಂತೆ. ರಾಟೆ ಅನ್ನುವುದಕ್ಕಿಂತ ಸೌದೆ ಅನ್ನಬಹುದು. ಮಾವ "ಆಗಲ್ಲ ಸ್ವಾಮಿ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ನಾನು ನೆಲದ ಮೇಲೆ ಕೂತು ತುಂಡು ಜೋಡಿಸಲು ಶುರು ಮಾಡಿದ್ದೆ. ಇದು ಕಾಲು, ಇದು ಚಕ್ರದ ಕಾಲುಭಾಗ, ಇದು ಎಲ್ಲಿಯದೋ ಆಮೇಲೆ ನೋಡೋಣ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲವಂತೆ.

ಸಂಜೆ ಅಜ್ಜಿ ಕರೆದಳು. ಹೋದೆ. ಕೈ ಕೊಡು ಅಂದಳು. ಕೊಟ್ಟೆ. ನನ್ನ ಅಂಗೈ ಸವರಿದಳು. ಅಂಟು ಒಣಗಿದ್ದು, ಉಳಿ ತಾಗಿದ್ದು, ಹೆಬ್ಬೆರಳ ಬುಡದ ಗಟ್ಟಿ ಚರ್ಮ, ಎಲ್ಲದರ ಮೇಲೂ ನಿಧಾನವಾಗಿ ಬೆರಳಾಡಿಸಿದಳು. ಎಷ್ಟೋ ಹೊತ್ತು ಬಿಡಲಿಲ್ಲ.

"ನಿಮ್ಮ ತಾತನ ಕೈ ಹೀಗೇ ಇತ್ತು. ನಾನು ಕೂತು ನೂಲೋಳು, ಅವರು ಪಕ್ಕದಲ್ಲಿ ನಿಂತು ಕೇಳೋರು. ಅವರಿಗೆ ಒಂದು ಎಳೆ ತೆಗೆಯೋಕೆ ಬರ್ತಿರಲಿಲ್ಲ."

ಆಮೇಲೆ, "ನನ್ನ ರಾಟೆ ಯಾಕೇ ಮೂರು ದಿನದಿಂದ ಓಡ್ತಿಲ್ಲ?" ಅಂದಳು.

"ಓಡಿದ್ರೂ ಸದ್ದು ಬರಲ್ಲ ಅಜ್ಜಿ. ನಿಂಗೆ ಹೇಗೆ ಗೊತ್ತು?"

"ಸದ್ದಿಲ್ಲದೆ ಓಡೋದು ಬೇರೆ, ಸುಮ್ಮನೆ ನಿಂತಿರೋದು ಬೇರೆ. ಇಷ್ಟು ವರ್ಷ ಕೇಳಿದೀನಿ, ಅಷ್ಟೂ ಗೊತ್ತಾಗಲ್ವೇನೇ?"

ಅಂಟು ನೋಡ್ಬೇಕು ಅಂತ ಎದ್ದು ಬಂದೆ.

ಏಪ್ರಿಲ್ ೨೪, ಶುಕ್ರವಾರ

ಹೊಟ್ಟೆಕಿಚ್ಚು ಆರಿಲ್ಲ, ಸುಳ್ಳು ಬರೆಯುವುದಿಲ್ಲ. ಅಕ್ಕ ನೂಲುವುದು ಕಣ್ಣ ಮುಂದೆ ಬಂದರೆ ಈಗಲೂ ಒಳಗೆ ಚುರುಗುಟ್ಟುತ್ತದೆ. ಅವಳ ಬೆರಳಿನಿಂದ ಉಣ್ಣೆ ಹಾಲಿನ ಧಾರೆಯ ಹಾಗೆ ಇಳಿಯುವಾಗ ಅವಳು ಗಂಡನನ್ನು ಬೈಯುತ್ತಿರುತ್ತಾಳೆ, ನೂಲಿನ ಕಡೆ ನೋಡುವುದೂ ಇಲ್ಲ. ಅಷ್ಟು ಸುಲಭವಾಗಿ ಬರಬಾರದು ಯಾರಿಗೂ. ರಾಟೆ ನನ್ನದು. ಅಜ್ಜಿಯೇ ಹೇಳಿದ್ದಾಳೆ. ಯಾರಿಗೂ ಕೊಡುವುದಿಲ್ಲ. ಬೇಕಾದರೆ ಬಂದು ಕೂರಲಿ, ಅಷ್ಟೇ.

ಹಾಲಿನವನ ಕೈಯಲ್ಲಿ ಬೇಕರಿಗೆ ಹೇಳಿ ಕಳಿಸಿದ್ದೇನೆ, ಅಜ್ಜಿ ಕೇಳುತ್ತಿದ್ದಾಳೆ ಅಂತ.

ಇವತ್ತು ಬೆಳಿಗ್ಗೆ ಎದ್ದವಳೇ ಅಕ್ಕನ ಅತ್ತೆಯ ರಾಟೆಯ ಬಾರನ್ನು ದಾರದಲ್ಲಿ ಅಳೆದುಕೊಂಡೆ. ಆ ಅಳತೆಗೆ ಅಜ್ಜಿಯ ರಾಟೆಯ ಬಾರಿನ ಗಂಟು ಬಿಚ್ಚಿ, ಕೆಳಗಿಳಿಸಿ ಕಟ್ಟಿದೆ. ಎತ್ತರದ ಸ್ಟೂಲು ತಂದು ಮುಂದಿಟ್ಟು, ಸರಿಯಾಗಿದೆಯೋ ನೋಡೋಣ ಅಂತ ಹತ್ತಿ ಕೂತೆ. ನನ್ನ ಕಾಲು ಹಲಗೆಗೆ ಎಟುಕಲಿಲ್ಲ.